ವಿಮಾನ ಹತ್ತಬೇಕಾದರೆ ಘಾಟಿ ಇಳಿಯಬೇಕು

(ವಿರಾಜಪೇಟೆ ಹತ್ತಿರದ ನಮ್ಮೂರ ಗ್ರಂಥಾಲಯದಲ್ಲಿ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ. ಕೂತವರು ನಡುವೆ ಕೇಳಿದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ‘ಟೀಚರೇ, ನೀವು ವಿಮಾನದಲ್ಲಿ ಜಾಸ್ತಿ ಓಡಾಡ್ತೀರಲ್ಲ, ಅದರ ಬಗ್ಗೇನೇ ಮಾತಾಡಿ’ ಎಂದು ಗ್ರಂಥಾಲಯದವರು ಮನೆಗೆ ಬಂದು ಕೇಳಿದಾಗ ನನಗೆ ನಗು ಬಂತು. ಕೂತು ಲೆಕ್ಕ ಹಾಕಿದೆ. ಹೋದದ್ದು, ಬಂದದ್ದು ಎಲ್ಲ ಸೇರಿ 31 ಸಲ. ಬೆಂಗಳೂರಿನ ಐಟಿ ಹುಡುಗರು ಅಷ್ಟನ್ನು ಒಂದು ವರ್ಷದಲ್ಲಿ ಮುಗಿಸುತ್ತಾರೆ. ಆದರೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಎಲ್ಲಿ ಕೂತರೂ ಇದು ಯಾಕೆ ಹೀಗೆ, ಅದು ಯಾಕೆ ಹಾಗೆ ಎಂದು ನೋಡುವ ಚಟ. ಹಾಗೆ ನೋಡಿದ್ದನ್ನು, ಜೊತೆಗೆ ಪಟ್ಟ ಪಾಡನ್ನೂ ಹೇಳುತ್ತೇನೆ.

ನಮ್ಮ ಕಡೆಯವರಿಗೆ ವಿಮಾನ ಪ್ರಯಾಣ ಮುಕ್ಕಾಲು ಪಾಲು ರಸ್ತೆಯಲ್ಲೇ ಮುಗಿದಿರುತ್ತದೆ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಇಲ್ಲಿಂದ ಬೆಂಗಳೂರಿನ ನಿಲ್ದಾಣ ಇರುವ ದೇವನಹಳ್ಳಿಗೆ ಹತ್ತಿರ ಹತ್ತಿರ 280 ಕಿಲೋಮೀಟರ್. ಮಂಗಳೂರಿನ ನಿಲ್ದಾಣ ಇರುವ ಬಜಪೆಗೆ ಹೋಗೋಣ ಎಂದರೆ ಮಡಿಕೇರಿಗೆ ಹತ್ತಿ, ಸಂಪಾಜೆ ಘಾಟಿ ಇಳಿದು, ಸುಳ್ಯ ಪುತ್ತೂರು ದಾಟಬೇಕು. 2018ರ ಡಿಸೆಂಬರ್ 9ಕ್ಕೆ ಕಣ್ಣೂರು ವಿಮಾನ ನಿಲ್ದಾಣ ಶುರುವಾದ ಮೇಲೆ ನಮಗೆ ಸ್ವಲ್ಪ ಉಸಿರು ಬಂತು. ಹೆಸರಿಗೆ ಕಣ್ಣೂರು, ಇರುವುದು ಮಟ್ಟನ್ನೂರಿನಲ್ಲಿ. ಪೆರುಂಬಾಡಿ, ಮಾಕುಟ್ಟ, ಕೂಟುಪುಳ, ಇರಿಟ್ಟಿ ಕಳೆದರೆ ಮುಗಿಯಿತು. ಸುಮಾರು 60 ಕಿಲೋಮೀಟರ್. ಒಂದೇ ತಮಾಷೆ. ಅಲ್ಲಿಂದ ಬೆಂಗಳೂರಿಗೆ ವಿಮಾನ ಹತ್ತುವವರು ಪೂರ್ವದ ಊರಿಗೆ ಹೋಗಲು ಮೊದಲು ಪಶ್ಚಿಮಕ್ಕೆ ಹೊರಡಬೇಕು. ಘಾಟಿ ಇಳಿದು, ವಿಮಾನ ಹತ್ತಿ, ವಾಪಸ್ ನಮ್ಮ ತಲೆಯ ಮೇಲೇ ಹಾರಬೇಕು.

ಘಾಟಿ ಎಂದರೆ ನಿಮಗೆ ಗೊತ್ತೇ ಇದೆ. 2018ರ ಜೂನಿನಲ್ಲಿ ಮಾಕುಟ್ಟ ರಸ್ತೆ ಕುಸಿಯಿತು. ಆಗಸ್ಟಿನಲ್ಲಿ ಸಂಪಾಜೆ ಕಡೆಯದ್ದೂ ಹೋಯಿತು. ಆ ಆಗಸ್ಟಿನಲ್ಲಿ ಮಂಗಳೂರಿನಿಂದ ಮುಂಬೈಗೆ ನನ್ನ ಟಿಕೆಟ್ ಇತ್ತು. ಜೋಡುಪಾಲದಲ್ಲಿ ಜನ ಮನೆ ಮಠ ಕಳೆದುಕೊಂಡು ಕೂತಿದ್ದಾಗ ಟಿಕೆಟ್ಟಿನ ಮಾತು ಯಾರು ಆಡುತ್ತಾರೆ? ಆ ಟಿಕೆಟ್ ಎಲ್ಲಿ ಹೋಯಿತೋ ನಾನು ಹುಡುಕಲೂ ಇಲ್ಲ.

ಇನ್ನೊಂದು ಸಲದ್ದು ಹೇಳುತ್ತೇನೆ, ಅದು ನಗುವಂಥದ್ದು. ಜುಲೈ ತಿಂಗಳು, ಜಡಿಮಳೆ. ನಾನು, ನಮ್ಮ ಯಜಮಾನರು ಕಣ್ಣೂರಿಗೆ ಹೊರಟಿದ್ದೆವು. ಮಾಕುಟ್ಟದ ಇಳಿಜಾರಿನಲ್ಲಿ ರಸ್ತೆಗೆ ಅಡ್ಡ ಒಂದು ದೊಡ್ಡ ಮರ. ಈ ಕಡೆ ಹತ್ತು ಗಾಡಿ, ಆ ಕಡೆ ಹತ್ತು ಗಾಡಿ. ಗರಗಸದವರು ಬರಬೇಕಾದರೆ ಇನ್ನೂ ಒಂದು ಗಂಟೆ ಎಂದರು. ಚೆಕ್-ಇನ್ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ನಾವು ಅಲ್ಲಿ ಮಳೆ ನೋಡುತ್ತಾ ಕೂತಿದ್ದೇವೆ. ಆಗ ಆ ಕಡೆಯಿಂದ ಒಬ್ಬರು ಕೊಡೆ ಹಿಡಿದು ಮರ ಹತ್ತಿ ಬಂದು ಕೇಳಿದರು, ‘ಏರ್‌ಪೋರ್ಟಿಗಾ?’ ಅವರು ದುಬೈಯಿಂದ ಬೆಳಿಗ್ಗೆ ಇಳಿದು ವಿರಾಜಪೇಟೆಗೆ ಹೊರಟವರು. ಎರಡು ನಿಮಿಷದಲ್ಲಿ ಒಪ್ಪಂದ ಆಯಿತು. ಅವರ ಟ್ಯಾಕ್ಸಿ ನಮಗೆ, ನಮ್ಮ ಜೀಪು ಅವರಿಗೆ. ಅವರ ಎರಡು ದೊಡ್ಡ ಪೆಟ್ಟಿಗೆ ಈ ಕಡೆ ಬಂತು, ನಮ್ಮ ಬ್ಯಾಗು ಆ ಕಡೆ ಹೋಯಿತು. ಸೀರೆ ಎತ್ತಿ ಕಟ್ಟಿ ಆ ಮರ ದಾಟಿದ್ದು ಇವತ್ತಿಗೂ ನೆನಪಿದೆ. ಕೌಂಟರು ಮುಚ್ಚಲು ಹತ್ತು ನಿಮಿಷ ಇರುವಾಗ ಮುಟ್ಟಿದೆವು. ಸೆಕ್ಯುರಿಟಿಯಲ್ಲಿ ಯಜಮಾನರ ಶೂ ಬಿಚ್ಚಿಸಿದರು. ಕಾಲುಚೀಲದ ಮೇಲೆ ದಪ್ಪಗೆ ರಕ್ತ ಕುಡಿದ ಒಂದು ಜಿಗಣೆ. ಕೈ ಚೀಲದಲ್ಲಿ ಏನೆಲ್ಲ ತರಬಾರದು ಎಂಬ ಉದ್ದದ ಬೋರ್ಡು ಅಲ್ಲೇ ಇತ್ತು. ಅದರಲ್ಲಿ ಜಿಗಣೆ ಇರಲಿಲ್ಲ.

ಇಷ್ಟೆಲ್ಲ ಇದ್ದರೂ ಕೊಡಗಿನವರಿಗೆ ವಿಮಾನ ಹೊಸದೇನಲ್ಲ. ಮನೆಗೊಬ್ಬರು ಸೈನ್ಯದಲ್ಲಿ ಇದ್ದ ಊರುಗಳು ನಮ್ಮವು. ನಮ್ಮ ಪಕ್ಕದ ಮನೆಯ ನಿವೃತ್ತ ಸುಬೇದಾರರು ಚಂಡೀಗಡದಿಂದ ಲೇಹ್‌ಗೆ ವಾಯುಪಡೆಯ ಸಾಗಣೆ ವಿಮಾನ ಎಎನ್-32ರಲ್ಲಿ ಎಷ್ಟೋ ಸಲ ಹೋದವರು. ಗೋಡೆಗೆ ಬೆನ್ನು ಕೊಟ್ಟು ಕೂರುವುದು, ಕಿವಿಗೆ ಹತ್ತಿ, ಮಡಿಲಲ್ಲಿ ಚೀಲ. ಟಿಕೆಟ್ ತೆಗೆದು ವಿಮಾನ ಹತ್ತಿದ್ದು ಮಾತ್ರ ಅರವತ್ತು ದಾಟಿದ ಮೇಲೆ. ‘ಇಷ್ಟು ವರ್ಷದಲ್ಲಿ ಕಿಟಕಿ ಪಕ್ಕ ಕೂತದ್ದು ಇದೇ ಮೊದಲು ಟೀಚರೇ’ ಎಂದಿದ್ದರು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ಯಾರ ಹೆಸರು ಎಂದು ಮಕ್ಕಳನ್ನು ಕೇಳಿದರೆ ಕೆಲವರು ತಲೆ ಕೆರೆದುಕೊಳ್ಳುತ್ತಾರೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. 1965ರ ಯುದ್ಧದಲ್ಲಿ, ಸೆಪ್ಟೆಂಬರ್ 7ರಂದು, ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ದಾಳಿಗೆ ಹೋದವರು. ತಮ್ಮ ಮಿಸ್ಟೀರ್ ವಿಮಾನದಲ್ಲಿ, ಅದಕ್ಕಿಂತ ಎಷ್ಟೋ ವೇಗದ ಅವರ ಯುದ್ಧವಿಮಾನ ಸ್ಟಾರ್‌ಫೈಟರ್ ಒಂದನ್ನು ಹೊಡೆದುರುಳಿಸಿ ತಾವೂ ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟು ತಡವಾಗಿ. ಮಂಗಳೂರಿಗೋ ಬೆಂಗಳೂರಿಗೋ ಬಸ್ಸಿಗೆ ಕಾಯುವಾಗ ಆ ಹೆಸರು ಒಮ್ಮೆ ಓದಿ.

ನಾನು ಮೊದಲ ಸಲ ಹತ್ತಿದ್ದು 2005ರಲ್ಲಿ. ಬೆಂಗಳೂರಿನ ಹಳೇ ಎಚ್‌ಎಎಲ್ ನಿಲ್ದಾಣ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿ, ಒಂದು ರೂಪಾಯಿ ಟಿಕೆಟ್ ಎಂದು ದೇಶವೆಲ್ಲ ಮಾತಾಡುವ ಹಾಗೆ ಮಾಡಿದ್ದ ಕಾಲ. ನಮಗೆ ಸಿಕ್ಕಿದ್ದು ಒಂದು ರೂಪಾಯಿಯದ್ದಲ್ಲ. ಆದರೂ ನಮ್ಮಂಥ ಸಂಬಳದವರು ಕೈ ಚಾಚಬಹುದಾದ ಬೆಲೆ. ಆ ಪ್ರಯಾಣದಲ್ಲಿ ಏನು ನೋಡಿದೆ ಎಂದು ಕೇಳಿದರೆ ನನಗೆ ನೆನಪಿರುವುದು ಮುಂದಿನ ಸೀಟಿನ ಹಿಂಭಾಗ ಮಾತ್ರ. ಅಷ್ಟು ಹೆದರಿಕೆ.

ಇಲ್ಲಿ ಒಬ್ಬರು ಕೇಳಿದರು: ‘ಕಿವಿ ನೋಯುತ್ತೆ ಅಂತಾರಲ್ಲ ಟೀಚರ್?’

ಮಾಕುಟ್ಟ ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದಿಲ್ವಾ? ಅದೇ ಇದು. ವಿಮಾನ 35 ಸಾವಿರ ಅಡಿ ಮೇಲೆ ಹಾರುತ್ತಿದ್ದರೂ ಒಳಗಿನ ಗಾಳಿ ಅಷ್ಟು ತೆಳುವಾಗಿರುವುದಿಲ್ಲ. ಗಾಳಿ ತುಂಬಿ ತುಂಬಿ ಸುಮಾರು 6ರಿಂದ 8 ಸಾವಿರ ಅಡಿ ಎತ್ತರದ ಮಟ್ಟದಲ್ಲಿ ಇಟ್ಟಿರುತ್ತಾರೆ. ನಮ್ಮ ತಡಿಯಂಡಮೋಳ್ 1748 ಮೀಟರ್, ಅಂದರೆ 5700 ಅಡಿ ಚಿಲ್ಲರೆ. ವಿಮಾನದೊಳಗೆ ಕೂತವರು ತಡಿಯಂಡಮೋಳಿನ ತುದಿಗಿಂತ ಸ್ವಲ್ಪ ಮೇಲೆ ಕೂತ ಹಾಗೆ, ಅಷ್ಟೇ. ಏರುವಾಗ ಕಿವಿಯ ಒಳಗಿನ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಇಳಿಯುವಾಗ ಮೂಗಿನ ಹಿಂದಿನ ಸಣ್ಣ ಕೊಳವೆ ತೆರೆದುಕೊಂಡು ಗಾಳಿ ಒಳಗೆ ಬರಬೇಕು. ಅದಕ್ಕೇ ನೋವು ಜಾಸ್ತಿ ಇಳಿಯುವಾಗ. ಎಂಜಲು ನುಂಗಿ, ಆಕಳಿಸಿ, ಪೆಪ್ಪರ್‌ಮೆಂಟ್ ಚೀಪಿ. ಕೈಗೂಸು ಇದ್ದರೆ ಇಳಿಯುವ ಹೊತ್ತಿಗೆ ಹಾಲು ಕುಡಿಸಿ. ಜೋರು ನೆಗಡಿ ಇದ್ದರೆ ಡಾಕ್ಟರನ್ನು ಕೇಳಿಯೇ ಹೊರಡಿ. ಒಮ್ಮೆ ನೆಗಡಿ ಇಟ್ಟುಕೊಂಡು ಹತ್ತಿ, ನಾಲ್ಕು ದಿನ ಎಡಗಿವಿ ಕೇಳಿಸದೆ ಇದ್ದವಳು ನಾನು.

ಈ ಗಾಳಿಯ ವಿಷಯ ಗೊತ್ತಿದ್ದರೆ ಇನ್ನೂ ಎರಡು ಗುಟ್ಟು ಬಿಡಿಸಿಕೊಳ್ಳುತ್ತವೆ. ಒಂದು, ಊರಿನಿಂದ ಒಯ್ದ ಚಿಪ್ಸ್ ಪ್ಯಾಕೆಟ್ ಮೇಲೆ ಹೋದ ಮೇಲೆ ಪೂರಿಯ ಹಾಗೆ ಉಬ್ಬಿ ಕೂತಿರುತ್ತದೆ. ಇನ್ನೊಂದು ಕಾಫಿ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆಯವರು ನಾವು. ವಿಮಾನದಲ್ಲಿ ಕಾಫಿ ಕುಡಿದು ಬೇಸರಪಡದವರು ಇಲ್ಲಿ ಯಾರಾದರೂ ಇದ್ದೀರಾ? ಯಾರೂ ಕೈ ಎತ್ತಲಿಲ್ಲ. ಕಾಗದದ ಲೋಟ, ಒಂದು ಪುಡಿ ಪೊಟ್ಟಣ, ಬಿಸಿನೀರು, ಅಲ್ಲಾಡಿಸಲು ಒಂದು ಕಡ್ಡಿ. ಪುಡಿ ಕೆಟ್ಟದ್ದು ಎಂದು ಬೈಯುತ್ತೇವೆ, ಸ್ವಲ್ಪ ನಿಜ. ಆದರೆ ಪೂರ್ತಿ ತಪ್ಪು ಪುಡಿಯದ್ದಲ್ಲ. ಗಾಳಿಯ ಒತ್ತಡ ಕಡಿಮೆಯಾದಷ್ಟೂ ನೀರು ಬೇಗ ಕುದಿಯುತ್ತದೆ. ಮಡಿಕೇರಿಯಲ್ಲೇ ನೋಡಿ, 100 ಡಿಗ್ರಿ ಬೇಕಿಲ್ಲ, 96ರ ಹತ್ತಿರ ಕುದಿ ಬರುತ್ತದೆ. 8 ಸಾವಿರ ಅಡಿಯ ಮಟ್ಟದಲ್ಲಿ 92ಕ್ಕೇ ಕುದಿ. ಅದಕ್ಕಿಂತ ಬಿಸಿ ಮಾಡೋಣ ಎಂದರೂ ಆಗದು, ಆವಿಯಾಗಿ ಹೋಗುತ್ತದೆ. ಮೇಲಾಗಿ ಒಳಗಿನ ಗಾಳಿ ಒಣಒಣ. ತೇವಾಂಶ 20 ಶೇಕಡಕ್ಕಿಂತ ಕಡಿಮೆ ಇರುವುದೇ ಜಾಸ್ತಿ. ಮೂಗು ಒಣಗಿದರೆ ವಾಸನೆ ತಿಳಿಯುವುದಿಲ್ಲ. ವಾಸನೆ ಇಲ್ಲದ ಕಾಫಿ ಎಂದರೆ ಕಹಿ ನೀರು, ಅಷ್ಟೇ ಅಲ್ವಾ? ಇದಕ್ಕೆಲ್ಲ ಕಿವಿಗೆ ಬೀಳುವ ಇಂಜಿನ್ ಸದ್ದು ಬೇರೆ. ಸದ್ದಿನ ನಡುವೆ ಸಿಹಿ ಕೂಡ ಮಂಕಾಗುತ್ತದಂತೆ. ನಾನೀಗ ಮೇಲೆ ಕಾಫಿ ಕುಡಿಯುವುದನ್ನೇ ಬಿಟ್ಟಿದ್ದೇನೆ. ಇಳಿದ ಮೇಲೆ ಕುಡಿಯುತ್ತೇನೆ. ಅಲ್ಲಿ ರೇಟು ಕೇಳಿ ಬಾಯಿ ಒಣಗುತ್ತದೆ, ಅದು ಬೇರೆ ಮಾತು.

ಈಗ ನಮ್ಮ ಅತ್ತೆಯ ಕಥೆ. ಗ್ರಂಥಾಲಯದವರು ನನ್ನನ್ನು ಕರೆದದ್ದೇ ಇದನ್ನು ಹೇಳಿಸಲು ಎಂದು ನನಗೆ ಗುಮಾನಿ.

2014ರಲ್ಲಿ ಅತ್ತೆಗೆ 76. ದೆಹಲಿಯಲ್ಲಿ ನನ್ನ ಮಗಳಿಗೆ ಹೆರಿಗೆ. ಮರಿಮಗುವನ್ನು ನೋಡಲೇಬೇಕು ಎಂದು ಹಟ. ಸರಿ, ಟಿಕೆಟ್ ಆಯಿತು. ಹಿಂದಿನ ದಿನ ಅಡುಗೆಮನೆಯಿಂದ ಸಾಮಾನು ಹೊರಗೆ ಬರತೊಡಗಿತು. ಕಾಫಿಪುಡಿ ಎರಡು ಕೇಜಿ. ಜೇನು ಎರಡು ಬಾಟಲಿ. ಅಕ್ಕಿತರಿ. ಕಿತ್ತಳೆ. ಬಾಣಂತಿಗೆಂದು ಹುರಿದು ಕುಟ್ಟಿದ ಪುಡಿಗಳು. ಒಂದು ಗಿಟಕು ಕೊಬ್ಬರಿ. 15 ಕೇಜಿಯ ಮಿತಿ ಎಂದು ಹೇಳಿದರೆ ಅತ್ತೆ ‘ಯಾರು ತೂಗಿ ನೋಡ್ತಾರೆ?’ ಎಂದರು. ಅಳಿಯನಿಗೆ ಹಂದಿಕರಿ ಎಂದರೆ ಪ್ರಾಣ. ಅವನಿಗೆಂದು ಒಂದು ಬಾಟಲಿ ಕಾಚಂಪುಳಿ, ಆ ಕರಿಗೆ ಹಾಕುವ ನಮ್ಮ ಕಪ್ಪು ಹುಳಿ. ಅದನ್ನು ಮಾತ್ರ ಅತ್ತೆ ದೊಡ್ಡ ಬ್ಯಾಗಿಗೆ ಹಾಕಲು ಬಿಡಲಿಲ್ಲ. ‘ಒಡೆದು ಹೋದ್ರೆ? ನಾನೇ ಹಿಡ್ಕೊಳ್ತೀನಿ.’ ನಾನು ಗಮನಿಸುವ ಮೊದಲೇ ಅದು ಅವರ ಕೈಚೀಲದಲ್ಲಿ ಸೀರೆಯ ನಡುವೆ ಮಲಗಿತ್ತು.

ಬೆಂಗಳೂರಿನ ಸೆಕ್ಯುರಿಟಿಯಲ್ಲಿ ಚೀಲ ಯಂತ್ರದೊಳಗೆ ಹೋಯಿತು, ನಿಂತಿತು, ಪಕ್ಕಕ್ಕೆ ಸರಿಯಿತು. ಸಮವಸ್ತ್ರದ ಹುಡುಗಿ ಬಾಟಲಿ ಹೊರಗೆ ತೆಗೆದಳು. ಕಾಚಂಪುಳಿ ಹೇಗಿರುತ್ತದೆ ನಿಮಗೆ ಗೊತ್ತು. ಕಪ್ಪಗೆ, ಮಂದಕ್ಕೆ, ಡಾಂಬರಿನ ಹಾಗೆ. ಅಲ್ಲಾಡಿಸಿದರೂ ಅಲ್ಲಾಡದು. ‘ಯೇ ಕ್ಯಾ ಹೈ?’ ಅತ್ತೆ ಕನ್ನಡದಲ್ಲಿ ಹೇಳಿದರು, ‘ಹುಳಿ ಕಣಮ್ಮ.’ ನಾನು ಹಿಂದಿಯಲ್ಲಿ ಸಿರ್ಕಾ ಎಂದೆ. ಅವಳು ಮುಚ್ಚಳ ತೆರೆದು ಮೂಗಿನ ಹತ್ತಿರ ಹಿಡಿದಳು. ತಲೆ ಫಟ್ಟನೆ ಹಿಂದಕ್ಕೆ ಹೋಯಿತು. ಮೇಲಿನವರನ್ನು ಕರೆದಳು. ಅವರೂ ಮೂಸಿದರು. ದೊಡ್ಡ ಬ್ಯಾಗಿಗೆ ಹಾಕಿ ಎಂದರು. ದೊಡ್ಡ ಬ್ಯಾಗು ಆಗಲೇ ಪಟ್ಟಿಯ ಮೇಲೆ ಹೋಗಿ ಅರ್ಧ ಗಂಟೆ. ಕಾಚಂಪುಳಿ ಅಲ್ಲೇ ಉಳಿಯಿತು. ಅತ್ತೆ ದೆಹಲಿ ತಲುಪುವವರೆಗೂ ಒಂದೇ ಮಾತು: ‘ಆ ಹುಡುಗಿಗೆ ಅದನ್ನು ಏನಕ್ಕೆ ಹಾಕೋದು ಅಂತಾನೂ ಗೊತ್ತಿಲ್ವಲ್ಲೇ.’

ಆ ಹುಡುಗಿಯದ್ದು ತಪ್ಪಿಲ್ಲ. ಗೊತ್ತಿಲ್ಲದ ದ್ರವವನ್ನು ಬಿಡುವ ಹಾಗಿಲ್ಲ. ಕಾಚಂಪುಳಿ, ಜೇನು, ಎಣ್ಣೆ ಇದ್ದರೆ ದೊಡ್ಡ ಬ್ಯಾಗಿಗೇ ಹಾಕಿ. ಬಾಟಲಿ ಪೂರ್ತಿ ತುಂಬಬೇಡಿ, ಮುಚ್ಚಳಕ್ಕೆ ಟೇಪ್ ಸುತ್ತಿ, ಎರಡು ಪ್ಲಾಸ್ಟಿಕ್ ಕವರ್, ಆಮೇಲೆ ಹಳೇ ಟವೆಲ್. ಕೆಳಗಿನ ಸಾಮಾನಿನ ಜಾಗದಲ್ಲೂ ಗಾಳಿಯ ಒತ್ತಡ ಇಳಿಯುತ್ತದೆ, ಸಡಿಲ ಮುಚ್ಚಳ ಇದ್ದರೆ ಬಟ್ಟೆಯೆಲ್ಲ ಜೇನು. ಒಣಕೊಬ್ಬರಿ ಒಯ್ಯಲೇಬೇಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹಿಡಿಯುವ ಸಾಮಾನು ಎಂದು ಈಗ ತಡೆಯುತ್ತಾರೆ. ಪವರ್ ಬ್ಯಾಂಕ್ ಮಾತ್ರ ಉಲ್ಟಾ. ಅದು ಕೈಚೀಲದಲ್ಲೇ ಇರಬೇಕು. ಅದರ ಬ್ಯಾಟರಿ ಹೊಗೆಯಾಡಿದರೆ ಕಣ್ಣಿಗೆ ಕಾಣುವ ಜಾಗದಲ್ಲಿ ಇರಲಿ ಎಂದು. ಆಮೇಲೆ ಪೀಚೆಕತ್ತಿ, ನಮ್ಮ ಗಂಡಸರು ಸೊಂಟಕ್ಕೆ ಸಿಕ್ಕಿಸುವ ಕತ್ತಿ. ಹೊರಗಿನ ಊರಲ್ಲಿ ಮದುವೆ ಎಂದರೆ ಬೆಳ್ಳಿಯ ಸಾಮಾನು, ಕಣ್ಣ ಮುಂದೆ ಇರಲಿ ಎಂದು ಕೈಚೀಲದಲ್ಲಿ ಇಡುವವರಿದ್ದಾರೆ. ಬೆಳ್ಳಿಯಾದರೂ ಕತ್ತಿ ಕತ್ತಿಯೇ. ದೊಡ್ಡ ಬ್ಯಾಗಿಗೆ ಹಾಕಿ ಬೀಗ ಹಾಕಿ.

ಅತ್ತೆಗೆ ಗಾಲಿಕುರ್ಚಿ ಹೇಳಿಟ್ಟಿದ್ದೆ. ಟಿಕೆಟ್ ಮಾಡುವಾಗಲೇ ಹೇಳಿದರೆ ವ್ಯವಸ್ಥೆ ಮಾಡುತ್ತಾರೆ. ‘ನನಗೇನು ಕಾಲಿಲ್ವಾ?’ ಎಂದು ಮುಖ ಊದಿಸಿಕೊಂಡರು. ಉದ್ದದ ಕ್ಯೂ ಬಿಟ್ಟು ಪಕ್ಕದ ದಾರಿಯಲ್ಲಿ ಕರೆದುಕೊಂಡು ಹೋದಾಗ ಮುಖ ಇಳಿಯಿತು. ವಾಪಸ್ ಬರುವಾಗ ಅವರೇ ಕೇಳಿದರು, ‘ಕುರ್ಚಿಗೆ ಹೇಳಿದ್ದೀಯಾ?’

ಮೇಲೆ ಹೋದ ಮೇಲೆ ಶೌಚಾಲಯಕ್ಕೆ ಹೋಗಬೇಕೆಂದರು. ಬಾಗಿಲ ಹೊರಗೆ ನಿಂತಿದ್ದೆ. ಒಳಗಿಂದ ಭುಸ್ಸ್ ಎಂದು ಆ ಸದ್ದು, ಹಿಂದೆಯೇ ಅತ್ತೆಯ ಕೂಗು. ಬಾಗಿಲು ತೆರೆದು ಹೊರಗೆ ಬಂದವರು ಸೀರೆ ಸೆರಗು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ‘ಎಳೆದುಕೊಂಡು ಹೋಗ್ತಿತ್ತು!’ ವಿಮಾನದಲ್ಲಿ ನೀರು ಸುರಿದು ತೊಳೆಯುವ ವ್ಯವಸ್ಥೆ ಇಲ್ಲ. ಗಾಳಿಯ ಸೆಳೆತದಿಂದ ಎಲ್ಲವನ್ನೂ ಒಂದು ಟ್ಯಾಂಕಿಗೆ ಎಳೆಯುತ್ತಾರೆ. ಮೊದಲ ಸಲ ಹೋಗುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಅದಕ್ಕೆ ಇವತ್ತಿಗೂ ಬೈಸಿಕೊಳ್ಳುತ್ತಿದ್ದೇನೆ.

ಆ ವಾಪಸ್ ಪ್ರಯಾಣದಲ್ಲೇ ವಿಮಾನ ಐದು ಗಂಟೆ ತಡ. ಯಾವ ಕಂಪನಿ ಎಂದು ಹೇಳುವುದಿಲ್ಲ. ‘ಇನ್ನರ್ಧ ಗಂಟೆ’ ಎಂದು ಹೇಳುತ್ತಲೇ ಮಧ್ಯಾಹ್ನ ಕಳೆಯಿತು. ಅತ್ತೆ ಸಕ್ಕರೆ ಕಾಯಿಲೆಯವರು. ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗ ಸೀದಾ ಕೌಂಟರಿಗೆ ಹೋಗಿ, ‘ಊಟ ಎಲ್ಲಿ?’ ಎಂದು ಕೇಳಿದ. ಹತ್ತು ನಿಮಿಷದಲ್ಲಿ ಪೊಟ್ಟಣ ಬಂತು. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮವೇ ಇದೆ. ಎರಡೂವರೆ ಗಂಟೆಯ ಒಳಗಿನ ಹಾರಾಟವಾದರೆ, ಎರಡು ಗಂಟೆ ತಡವಾದ ಮೇಲೆ ತಿಂಡಿ ಊಟ ಕೊಡಬೇಕು. ಉದ್ದದ ಹಾರಾಟಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕಾಯಬೇಕಾಗುತ್ತದೆ. ಆರು ಗಂಟೆಗಿಂತ ಜಾಸ್ತಿ ತಡವಾಗುವುದಾದರೆ ಬೇರೆ ವಿಮಾನ ಇಲ್ಲವೇ ಪೂರ್ತಿ ದುಡ್ಡು ವಾಪಸ್. ಮಂಜು, ಮಳೆಯಿಂದ ರದ್ದಾದರೆ ಪರಿಹಾರದ ಹಣ ಮಾತ್ರ ಸಿಗುವುದಿಲ್ಲ. ಬ್ಯಾಗು ಬರಲಿಲ್ಲ, ಇಲ್ಲವೇ ಒಡೆದು ಬಂತು ಎಂದರೆ ನಿಲ್ದಾಣದಿಂದ ಹೊರಗೆ ಕಾಲಿಡುವ ಮೊದಲೇ ದೂರು ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ನಮ್ಮವರಿಗೆ ಕೇಳಲು ಸಂಕೋಚ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರನ್ನು ಗದರಿಸುವವರು ಅಲ್ಲಿ ಹೋಗಿ ಬೆಕ್ಕಿನ ಮರಿ ಆಗುತ್ತಾರೆ.

‘ಅಲ್ಲಾಡುವಾಗ ಹೆದರಿಕೆ ಆಗಲ್ವಾ?’ ಎಂದು ಹಿಂದಿನ ಸಾಲಿನಿಂದ ಪ್ರಶ್ನೆ ಬಂತು.

ಆಗುತ್ತದೆ. ಸುಳ್ಳು ಹೇಳುವುದಿಲ್ಲ. ಆದರೆ ಏರ್ ಪಾಕೆಟ್ ಎಂದು ಹೇಳುವ ಗಾಳಿಯೇ ಇಲ್ಲದ ಗುಂಡಿ ಮೇಲೆ ಎಲ್ಲೂ ಇಲ್ಲ. ಗಾಳಿ ಮೇಲೆ ಕೆಳಗೆ ಹರಿಯುವ ಕಡೆ ವಿಮಾನ ಕುಲುಕುತ್ತದೆ, ತೋಟದ ರಸ್ತೆಯಲ್ಲಿ ಜೀಪು ಹೋದ ಹಾಗೆ. ಬಸ್ಸಿನ ಕೊನೇ ಸೀಟಿನ ಅನುಭವ ಎಲ್ಲರಿಗೂ ಇದೆ. ಇಲ್ಲೂ ಹಾಗೇ, ಬಾಲದ ಕಡೆ ಕುಲುಕಾಟ ಜಾಸ್ತಿ, ರೆಕ್ಕೆಯ ಹತ್ತಿರ ಕಡಿಮೆ. ಬೆಲ್ಟ್ ಹೊಟ್ಟೆಯ ಮೇಲಲ್ಲ, ಸೊಂಟದ ಕೆಳಗೆ ಬಿಗಿಯಾಗಿ ಇರಲಿ. ಲೈಟ್ ಆರಿದರೂ ಬಿಚ್ಚಬೇಡಿ.

ನಾನು ನಿಜವಾಗಿ ಹೆದರಿದ್ದು ಒಂದೇ ಸಲ. ಮಂಗಳೂರಿನಲ್ಲಿ ಇಳಿಯುವಾಗ. ಜೂನ್ ತಿಂಗಳ ಮಳೆ. ಕೆಳಗೆ ತೆಂಗಿನ ತೋಟ, ಹಂಚಿನ ಮನೆ ಎಲ್ಲ ಕಾಣಿಸುತ್ತಿತ್ತು. ಇನ್ನೇನು ಚಕ್ರ ಮುಟ್ಟಬೇಕು ಎನ್ನುವಾಗ ಇಂಜಿನ್ ಜೋರಾಗಿ ಕೂಗಿ ವಿಮಾನ ಮತ್ತೆ ಮೂಗು ಎತ್ತಿತು. ಸೀಟಿಗೆ ಬೆನ್ನು ಅಂಟಿಕೊಂಡಿತು. ಯಾರೋ ಜೋರಾಗಿ ದೇವರ ಹೆಸರು ಹೇಳತೊಡಗಿದರು. ಐದು ನಿಮಿಷದ ಮೇಲೆ ಪೈಲಟ್, ರನ್‌ವೇ ಸರಿಯಾಗಿ ಕಾಣಲಿಲ್ಲ, ಮತ್ತೊಮ್ಮೆ ಪ್ರಯತ್ನ ಮಾಡುತ್ತೇವೆ ಎಂದರು. ಎರಡನೇ ಸಲ ಇಳಿಯಿತು.

ಬಜಪೆಯ ರನ್‌ವೇ ಗುಡ್ಡದ ನೆತ್ತಿಯ ಮೇಲೆ ಇದೆ. ತುದಿ ದಾಟಿದರೆ ಕಣಿವೆ. 2010ರ ಮೇ 22ರ ಬೆಳಿಗ್ಗೆ ಅಲ್ಲಿ ಒಂದು ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಜನ ಹೋದರು, ಉಳಿದವರು 8 ಜನ. ವಿಚಾರಣೆಯ ವರದಿಯಲ್ಲಿ ಬಂದ ಒಂದು ವಿಷಯ ನನ್ನ ತಲೆಯಿಂದ ಹೋಗುವುದಿಲ್ಲ. ವಿಮಾನ ಸರಿಯಾದ ದಾರಿಯಲ್ಲಿ ಇಳಿಯುತ್ತಿರಲಿಲ್ಲ. ಮತ್ತೆ ಮೇಲೆ ಏರೋಣ ಎಂದು ಪಕ್ಕದ ಪೈಲಟ್ ಮತ್ತೆ ಮತ್ತೆ ಹೇಳಿದ್ದರು. ಕ್ಯಾಪ್ಟನ್ ಸಮಯಕ್ಕೆ ಸರಿಯಾಗಿ ಏರಿಸಲಿಲ್ಲ. ಇದನ್ನು ಓದಿದ ಮೇಲೆ ವಿಮಾನ ಇಳಿಯದೆ ಮತ್ತೆ ಏರಿದರೆ ನನಗೆ ಕೋಪ ಬರುವುದಿಲ್ಲ. ಅರ್ಧ ಗಂಟೆ ಹೋದರೆ ಹೋಗಲಿ.

ಕೊನೆಗೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತ. ‘ಟೀಚರ್, ಮೇಲಿಂದ ನಮ್ಮ ಮನೆ ಕಾಣುತ್ತಾ?’

ಒಳ್ಳೇ ಪ್ರಶ್ನೆ. ಕಣ್ಣೂರು–ಬೆಂಗಳೂರು ದಾರಿಯಲ್ಲಿ ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ವಿಮಾನ ಸಿಕ್ಕರೆ ಅದೃಷ್ಟ. ಅದರ ರೆಕ್ಕೆ ಕಿಟಕಿಗಿಂತ ಮೇಲೆ ಇರುತ್ತದೆ, ಕೆಳಗಿನದ್ದಕ್ಕೆ ಅಡ್ಡ ಬರುವುದಿಲ್ಲ. ಹಾರುವುದೂ ಜೆಟ್ಟಿಗಿಂತ ಕೆಳಗೆ. ಮೇಲಿಂದ ನೋಡಿದರೆ ನಮ್ಮ ಕಾಫಿತೋಟ ತೋಟ ಎಂದು ಗೊತ್ತೇ ಆಗುವುದಿಲ್ಲ. ನೆರಳು ಮರ ಎಲ್ಲವನ್ನೂ ಮುಚ್ಚಿರುತ್ತದೆ. ಕಾಡು, ನಡುವೆ ಹಸಿರು ಪಟ್ಟಿಯ ಹಾಗೆ ಗದ್ದೆ, ಅಲ್ಲೊಂದು ಇಲ್ಲೊಂದು ಕೆರೆಯ ಹೊಳಪು.

ಎರಡು ವರ್ಷದ ಹಿಂದೆ ಮಾರ್ಚಿನಲ್ಲಿ ಅತ್ತೆಯನ್ನು ಆ ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ಈಗ ಅವರು ಹಳೇ ಪ್ರಯಾಣಿಕರು. ಕಿಟಕಿ ಸೀಟು ಅವರದ್ದೇ. ಏರಿದ ಮೇಲೆ ಹಣೆಯನ್ನು ಗಾಜಿಗೆ ಒತ್ತಿ ಕೂತರು. ನಾನೂ ಮನೆ ಹುಡುಕೋಣ ಎಂದು ಬಗ್ಗಿದೆ. ಏನೂ ಇಲ್ಲ. ಗುಡ್ಡದ ಸಾಲು ಬರುತ್ತಿದ್ದ ಹಾಗೇ ಮೋಡ, ದಪ್ಪ ಬಿಳಿ ಮೋಡ.

‘ಇದರ ಕೆಳಗೇ ನಮ್ಮೂರಾ?’

‘ಹೌದು ಅತ್ತೆ, ಇಲ್ಲೇ ಎಲ್ಲೋ.’

‘ಹಾಗಾದ್ರೆ ಮಳೆ ಬರುತ್ತೆ. ಕಣದಲ್ಲಿ ಮೆಣಸು ಹರಡಿದೆ. ಫೋನ್ ಮಾಡಿ ಟಾರ್ಪಾಲು ಹಾಕೋಕೆ ಹೇಳು.’

‘ಇಲ್ಲಿಂದ ಫೋನ್ ಮಾಡೋ ಹಾಗಿಲ್ಲ ಅತ್ತೆ.’

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ‘ಮತ್ತೆ ಇಷ್ಟು ಮೇಲೆ ಬಂದು ಏನು ಪ್ರಯೋಜನ?’

ಬೆಂಗಳೂರಿನಲ್ಲಿ ಚಕ್ರ ನೆಲ ಮುಟ್ಟಿ, ವಿಮಾನ ನಿಂತ ತಕ್ಷಣ ಅವರ ಎದುರೇ ಫೋನ್ ಹಚ್ಚಿದೆ. ಹತ್ತು ನಿಮಿಷದ ಹಿಂದೆ ನಾಲ್ಕು ಹನಿ ಬಿತ್ತಂತೆ. ಸುಬೇದಾರರು ಓಡಿ ಬಂದು ಟಾರ್ಪಾಲು ಎಳೆದಿದ್ದರು.